ಗಾಜಿನ ಮಾಡನ್ನು ಉಳಿಸುವುದೆಂದರೇನು?

ಕೋರ, ಗುಬ್ಬಿ, ಕುಣಿಗಲು ಮೊದಲಾದ ಊರುಗಳಿಂದ ಶಾಲಾ ಪ್ರವಾಸಕ್ಕೆಂದು ಬೆಂಗಳೂರಿಗೆ ಹೋಗಿಬಂದ ವಿದ್ಯಾರ್ಥಿಗಳನ್ನು ‘ಅಲ್ಲಿ ಏನೇನು ನೋಡಿದಿರಿ?’ ಎಂದು ವಿಚಾರಿಸಿದರೆ, ಅವರ ಉತ್ತರದಲ್ಲಿ ಲಾಲ್‌ಬಾಗಿನ ಗಾಜಿನ ಮನೆಯ ಹೆಸರು ಬಾರದಿರುವುದು ಅಪರೂಪ. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವಗಳ ಸಮಯದಲ್ಲಿ ಅಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನಕ್ಕೆ ಜನಸಾಗರವೇ ಸೇರುತ್ತದೆ. ಹೂವನ್ನು ನೋಡಿದ ಅಷ್ಟು ಮಂದಿಯಲ್ಲಿ ಕತ್ತೆತ್ತಿ ಮಾಡನ್ನು ನೋಡಿದವರು ಎಷ್ಟು ಜನ? ತಮ್ಮ ತಲೆಯ ಮೇಲೆ ಟನ್ನುಗಟ್ಟಲೆ ಗಾಜು ನಿಂತಿದೆ, ಅದನ್ನು ನೂರಮೂವತ್ತು ವರ್ಷಕ್ಕೂ ಹಿಂದೆ ಎರಕ ಹೊಯ್ದ ಕಬ್ಬಿಣ ಹೊತ್ತಿದೆ ಎಂಬುದನ್ನು ನೆನೆದವರು ಎಷ್ಟು ಜನ? ಈ ಲೇಖನ ಹೂವನ್ನು ಕುರಿತದ್ದಲ್ಲ. ಆ ಮಾಡನ್ನು ಕುರಿತದ್ದು.

ಕಬ್ಬಿಣ ಮತ್ತು ಗಾಜಿನ ಮಾಡುಗಳು ಹತ್ತೊಂಬತ್ತನೆಯ ಶತಮಾನದ ಸೃಷ್ಟಿ. ಸಸ್ಯಗೃಹಗಳ ಮೇಲೆ, ಪ್ರದರ್ಶನ ಮಂದಿರಗಳ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ದೊಡ್ಡ ರೈಲು ನಿಲ್ದಾಣಗಳ ಮೇಲೆ ಅವು ಎದ್ದವು. ಇಂದು ಅವೆಲ್ಲವೂ ಮುಪ್ಪಾಗಿವೆ. ಅವುಗಳನ್ನು ಏನು ಮಾಡಬೇಕು? ಕೆಡವಿ ಹೊಸದಾಗಿ ಕಟ್ಟಬೇಕೆ? ಇದ್ದಂತೆಯೇ ಬಿಡಬೇಕೆ? ದುರಸ್ತಿ ಮಾಡುವುದಾದರೆ ಯಾವುದನ್ನು ಉಳಿಸಿ ಯಾವುದನ್ನು ಬದಲಿಸಬೇಕು? ಇದು ಅಭಿರುಚಿಯ ಪ್ರಶ್ನೆಯಷ್ಟೇ ಎಂದು ಹಲವರು ಭಾವಿಸಿದ್ದಾರೆ. ಇದು ಮೊದಲು ವಿಜ್ಞಾನದ ಪ್ರಶ್ನೆ, ಆಮೇಲೆ ಅಭಿರುಚಿಯ ಪ್ರಶ್ನೆ ಎಂಬುದು ನಮ್ಮ ಅಭಿಪ್ರಾಯ.

ತೋಟಗಾರನ ಮಾಡು

ಈ ಬಗೆಯ ಕಟ್ಟಡಕ್ಕೆ ಜಗತ್ಪ್ರಸಿದ್ಧಿಯನ್ನು ತಂದವನು ವಾಸ್ತುಶಿಲ್ಪಿಯಲ್ಲ. ಜೋಸೆಫ್ ಪ್ಯಾಕ್ಸ್‌ಟನ್ ಎಂಬ ತೋಟಗಾರ. 1851ರ ಮಹಾಪ್ರದರ್ಶನಕ್ಕಾಗಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಅವನ ಯೋಜನೆಯಂತೆ ಸ್ಫಟಿಕ ಮಂದಿರವು ನಿರ್ಮಾಣವಾಯಿತು. ಸುಮಾರು 560 ಮೀಟರು ಉದ್ದದ ಆ ಮಂದಿರ ಒಂದು ವರ್ಷಕ್ಕೂ ಕಡಿಮೆ ಅವಧಿಯಲ್ಲಿ ಎದ್ದುನಿಂತಿತು. ಒಂದೇ ಅಳತೆಯ ಬಿಡಿಭಾಗಗಳನ್ನು ಕಾರ್ಖಾನೆಯಲ್ಲಿ ಮಾಡಿ, ತಂದು, ಸ್ಥಳದಲ್ಲಿ ಜೋಡಿಸುವುದೇ ಅದರ ರಹಸ್ಯ. ಪ್ರದರ್ಶನ ಮುಗಿದ ಮೇಲೆ ಅದನ್ನು ಬಿಚ್ಚಿ, ಸಿಡನ್‌ಹ್ಯಾಮಿಗೆ ಸಾಗಿಸಿ, ಮತ್ತೆ ಕಟ್ಟಿದರು.

ರೈಲ್ವೆಯವರಿಗೆ ಇದು ವರವಾಯಿತು. ಹೊಗೆ ಉಗುಳುವ ಎಂಜಿನ್ನುಗಳು ನಿಲ್ಲುವ ಕಡೆ ಮಾಡು ಎತ್ತರವಾಗಿರಬೇಕು, ಹಳಿಗಳ ನಡುವೆ ಕಂಬಗಳು ಇರಬಾರದು, ಹಗಲಿನ ಬೆಳಕೂ ಒಳಗೆ ಬರಬೇಕು. ಈ ಮೂರು ಬೇಡಿಕೆಗಳನ್ನೂ ಪೂರೈಸಿದ್ದು ಕಬ್ಬಿಣದ ಕಮಾನು ಮತ್ತು ಗಾಜಿನ ಹಲಗೆ. 1868ರಲ್ಲಿ ತೆರೆದ ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದಲ್ಲಿ ವಿಲಿಯಂ ಬಾರ್ಲೊ ಎಂಬ ಎಂಜಿನಿಯರು ನಡುವೆ ಒಂದು ಕಂಬವೂ ಇಲ್ಲದೆ 240 ಅಡಿ ಅಗಲವನ್ನು ಒಂದೇ ಕಮಾನಿನಿಂದ ಮುಚ್ಚಿದನು. ಕಮಾನಿನ ಪಾದಗಳು ಹೊರಕ್ಕೆ ಜಾರದಂತೆ ಅವನ್ನು ಕಟ್ಟಿಹಿಡಿದದ್ದು ಪ್ರಯಾಣಿಕರು ಕಾಲಿಡುವ ನೆಲದ ಅಡಿಯಲ್ಲಿರುವ ತೊಲೆಗಳು. ನೆಲವೇ ಬಿಲ್ಲಿನ ಹೆದೆಯಂತೆ ಕೆಲಸಮಾಡುತ್ತದೆ.

ನಮ್ಮ ಸೀಮೆಗೆ ರೈಲು ಬಂದದ್ದು ಅದೇ ಶತಮಾನದಲ್ಲಿ. 1884ರಲ್ಲಿ ಬೆಂಗಳೂರಿನಿಂದ ತುಮಕೂರಿನ ಮಾರ್ಗವಾಗಿ ಗುಬ್ಬಿಯವರೆಗೆ ಮೀಟರ್‌ಗೇಜ್ ಹಳಿ ತೆರೆಯಿತು. ಆದರೆ ಗುಬ್ಬಿ, ತುಮಕೂರುಗಳಂಥ ನಿಲ್ದಾಣಗಳಿಗೆ ಗಾಜಿನ ಕಮಾನು ಬೇಕಾಗಿರಲಿಲ್ಲ. ಬಿಸಿಲು ಮಳೆಗಳನ್ನು ತಡೆಯುವ ಸರಳವಾದ ಮಾಡೇ ಸಾಕಾಗಿತ್ತು. ಆ ವಿದ್ಯೆಯ ನಿದರ್ಶನವನ್ನು ನಾವು ನೋಡಬೇಕಾದರೆ ನಿಲ್ದಾಣವನ್ನು ಬಿಟ್ಟು ತೋಟಕ್ಕೆ, ಎಂದರೆ ಅದು ಹುಟ್ಟಿದ ಜಾಗಕ್ಕೇ, ಹೋಗಬೇಕು.

ಲಾಲ್‌ಬಾಗಿನ ಅಧೀಕ್ಷಕನಾಗಿದ್ದ ಜಾನ್ ಕ್ಯಾಮೆರನ್ ಇಂಗ್ಲೆಂಡಿನ ಕ್ಯೂ ಸಸ್ಯೋದ್ಯಾನದಿಂದ ಬಂದವನು. ಅವನ ಕಾಲದಲ್ಲಿ, 1889ರ ನವೆಂಬರ್ 30ರಂದು, ಯುವರಾಜ ಆಲ್ಬರ್ಟ್ ವಿಕ್ಟರನು ಗಾಜಿನ ಮನೆಗೆ ಅಸ್ತಿಭಾರವನ್ನಿಟ್ಟನು. ಅದಕ್ಕೆ ಮಾದರಿಯಾದದ್ದು ಪ್ಯಾಕ್ಸ್‌ಟನ್ನನ ಸ್ಫಟಿಕ ಮಂದಿರ. ಎರಕದ ಭಾಗಗಳು ಗ್ಲಾಸ್ಗೋ ನಗರದ ಮ್ಯಾಕ್‌ಫರ್ಲೇನ್ ಕಂಪನಿಯ ಸಾರಸೆನ್ ಎರಕದ ಮನೆಯಿಂದ ಬಂದವು. ಮುಂದೆ 1935ರಲ್ಲಿ, ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, ಪೂರ್ವದ ಕಡೆಗೆ ಅದನ್ನು ವಿಸ್ತರಿಸಲಾಯಿತು. ಆಗ ಬಳಸಿದ ಲೋಹ ನಮ್ಮ ಭದ್ರಾವತಿಯ ಕಾರ್ಖಾನೆಯದು. ಹೀಗೆ ಒಂದೇ ಮಾಡಿನ ಕೆಳಗೆ ಸ್ಕಾಟ್ಲೆಂಡಿನ ಲೋಹವೂ ಮಲೆನಾಡಿನ ಲೋಹವೂ ಕೈಹಿಡಿದು ನಿಂತಿವೆ. ಒಂದು ವಿಚಿತ್ರ ಸಂಗತಿಯನ್ನೂ ಇಲ್ಲಿ ಹೇಳಬೇಕು. ಲಾಲ್‌ಬಾಗಿನ ಅಸ್ತಿಭಾರಕ್ಕೆ ಸರಿಯಾಗಿ 47 ವರ್ಷ ತುಂಬಿದ ದಿನ, 1936ರ ನವೆಂಬರ್ 30ರಂದು, ಲಂಡನ್ನಿನ ಸ್ಫಟಿಕ ಮಂದಿರವು ಬೆಂಕಿಗೆ ಆಹುತಿಯಾಯಿತು. ತಾಯಿ ಹೋದಳು, ಮಗಳು ಉಳಿದಳು.

ಮೂರು ಕಬ್ಬಿಣಗಳು

ಕಬ್ಬಿಣವೆಂದು ನಾವು ಒಂದೇ ಹೆಸರಿನಿಂದ ಕರೆಯುವ ಲೋಹದಲ್ಲಿ ಮೂರು ಬಗೆಗಳುಂಟು. ಎರಕದ ಕಬ್ಬಿಣದಲ್ಲಿ ನೂರಕ್ಕೆ ಎರಡರಿಂದ ನಾಲ್ಕು ಪಾಲಿನಷ್ಟು ಇಂಗಾಲವಿರುತ್ತದೆ. ಅದನ್ನು ಕರಗಿಸಿ ಅಚ್ಚಿಗೆ ಹೊಯ್ದು ಬೇಕಾದ ಹೂಬಳ್ಳಿಗಳ ರೂಪವನ್ನು ಕೊಡಬಹುದು. ಎಷ್ಟು ಅದುಮಿದರೂ ಅದು ಜಗ್ಗದು. ಎಳೆದರೆ ಮಾತ್ರ ಮುನ್ಸೂಚನೆಯಿಲ್ಲದೆ ಮುರಿಯುತ್ತದೆ. ಅದರೊಳಗೆ ಹರಡಿರುವ ಇಂಗಾಲದ ತೆಳು ಹಾಳೆಗಳೇ ಬಿರುಕಿಗೆ ದಾರಿ ಮಾಡಿಕೊಡುತ್ತವೆ. ಆದುದರಿಂದಲೇ ಹಿಂದಿನ ಎಂಜಿನಿಯರುಗಳು ಭಾರ ಹೊರುವ ಕಂಬಗಳಿಗೆ ಎರಕದ ಕಬ್ಬಿಣವನ್ನೂ, ಎಳೆತವನ್ನು ತಡೆಯುವ ಸರಳುಗಳಿಗೆ ಮೆದು ಕಬ್ಬಿಣವನ್ನೂ ಬಳಸಿದರು. ಬಡಿದು ಮಾಡಿದ ಈ ಮೆದು ಕಬ್ಬಿಣದಲ್ಲಿ ಇಂಗಾಲ ಅತ್ಯಲ್ಪ. ಕಿಟ್ಟದ ಸಣ್ಣ ಎಳೆಗಳು ನಾರಿನಂತೆ ಅದರೊಳಗೆ ಸೇರಿರುತ್ತವೆ. ಮೂರನೆಯದು ಉಕ್ಕು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅದು ಅಗ್ಗವಾಗಿ, ಕ್ರಮೇಣ ಮೆದು ಕಬ್ಬಿಣದ ಸ್ಥಾನವನ್ನು ಆಕ್ರಮಿಸಿತು.

ಇವುಗಳ ನಡುವಣ ಭೇದವನ್ನು ಅರಿಯದೆ ದುರಸ್ತಿಗೆ ಕೈಹಾಕುವುದು ರೋಗವನ್ನು ಅರಿಯದೆ ಔಷಧ ಕೊಟ್ಟಂತೆ. ಉಕ್ಕನ್ನು ಬೆಸೆಯುವ ರೀತಿಯಲ್ಲಿಯೇ ಎರಕದ ಕಬ್ಬಿಣದ ಕಂಬವನ್ನು ಬೆಸೆಯಲು ಹೋದರೆ, ಒಂದೆಡೆ ಕಾಯ್ದು ಒಂದೆಡೆ ತಣ್ಣಗಿರುವ ಲೋಹ ಹೊಸ ಬಿರುಕನ್ನು ಹುಟ್ಟಿಸಬಹುದು. ಬಲ್ಲವರು ಅಂಥ ಬಿರುಕನ್ನು ಕಾಯಿಸದೆಯೇ, ಲೋಹದ ಸಣ್ಣ ಬೀಗಗಳನ್ನು ಅಡ್ಡಲಾಗಿ ಕೂರಿಸಿ, ಬಟ್ಟೆಗೆ ಹೊಲಿಗೆ ಹಾಕಿದಂತೆ ಹೊಲಿಯುತ್ತಾರೆ.

ಮಾಡಿನ ಶತ್ರುಗಳು

ಇಂಥ ಮಾಡಿಗೆ ಮೊದಲ ಶತ್ರು ನೀರು. ತೇವ ಮತ್ತು ಆಮ್ಲಜನಕ ಸೇರಿ ಕಬ್ಬಿಣವನ್ನು ತುಕ್ಕಾಗಿಸುತ್ತವೆಂಬುದನ್ನು ಪಾಠದಲ್ಲಿ ಓದಿದ್ದೇವೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗವನ್ನು ಬೇಡುತ್ತದೆ ಎಂಬ ಇನ್ನೊಂದು ಮಾತನ್ನೂ ನೆನಪಿಡಬೇಕು. ಗಾಜಿನ ಹಲಗೆ ಕುಳಿತಿರುವ ಕಬ್ಬಿಣದ ಪಟ್ಟಿಯ ಸಂದಿಯಲ್ಲಿ ತುಕ್ಕು ಉಬ್ಬಿದರೆ, ಅದು ಗಾಜನ್ನು ಬದಿಯಿಂದ ಅದುಮಿ ಸೀಳುತ್ತದೆ. ಸೀಳಿದ ಗಾಜಿನಿಂದ ಮತ್ತಷ್ಟು ನೀರು ಇಳಿಯುತ್ತದೆ. ಇಳಿದ ನೀರಿನಿಂದ ಮತ್ತಷ್ಟು ತುಕ್ಕು. ಒಡೆದ ಒಂದು ಹಲಗೆಯನ್ನು ಈ ವರ್ಷ ಬದಲಿಸದಿದ್ದರೆ ಮುಂದೆ ಒಂದು ತೊಲೆಯನ್ನೇ ಬದಲಿಸಬೇಕಾಗುತ್ತದೆ.

ಎರಡನೆಯ ಶತ್ರು ಬಿಸಿಲು. ಮೂವತ್ತು ಮೀಟರು ಉದ್ದದ ಕಬ್ಬಿಣದ ತೊಲೆಯೊಂದು ಬೆಳಗಿನ ಜಾವದಲ್ಲಿ 15 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿದ್ದು, ಮಧ್ಯಾಹ್ನಕ್ಕೆ 45 ಡಿಗ್ರಿಗೆ ಕಾಯ್ದಿತೆಂದು ಇಟ್ಟುಕೊಳ್ಳೋಣ. ಒಂದು ಡಿಗ್ರಿಗೆ ಕಬ್ಬಿಣ ತನ್ನ ಉದ್ದದ ಹತ್ತು ಲಕ್ಷದಲ್ಲಿ ಹನ್ನೆರಡು ಪಾಲಿನಷ್ಟು ಹಿಗ್ಗುತ್ತದೆ. ಲೆಕ್ಕ ಹಾಕಿದರೆ ಆ ತೊಲೆ ಪ್ರತಿದಿನವೂ ಸುಮಾರು 11 ಮಿಲಿಮೀಟರು ಉದ್ದವಾಗಿ ಮತ್ತೆ ಕುಗ್ಗುತ್ತದೆ. ನೋಡುವವರಿಗೆ ನಿಶ್ಚಲವಾಗಿ ತೋರುವ ಮಾಡು ನಿಜವಾಗಿ ಉಸಿರಾಡುತ್ತಿರುತ್ತದೆ. ಹಿಂದಿನವರು ಅಗಸೆ ಎಣ್ಣೆ ಮತ್ತು ಸೀಮೆಸುಣ್ಣದ ಪುಡಿಯನ್ನು ಕಲಸಿದ ಪುಟ್ಟಿಯಲ್ಲಿ ಗಾಜನ್ನು ಕೂರಿಸಿದ್ದು ಈ ಉಸಿರಾಟಕ್ಕೆ ಎಡೆಗೊಡುವುದಕ್ಕೂ ಹೌದು. ವರ್ಷಗಳು ಕಳೆದಂತೆ ಆ ಪುಟ್ಟಿ ಕಲ್ಲಾಗುತ್ತದೆ, ಎಡೆ ಇಲ್ಲದಾಗುತ್ತದೆ.

ಮೂರನೆಯ ಶತ್ರು ಬೆಂಕಿ. ಕಬ್ಬಿಣ ಉರಿಯುವುದಿಲ್ಲವಾದ್ದರಿಂದ ಅಂಥ ಕಟ್ಟಡಕ್ಕೆ ಬೆಂಕಿಯ ಭಯವಿಲ್ಲವೆಂಬುದು ತಪ್ಪು ತಿಳಿವಳಿಕೆ. ಉಷ್ಣತೆ ಸುಮಾರು 550 ಡಿಗ್ರಿಯನ್ನು ಮುಟ್ಟಿದಾಗ ಉಕ್ಕು ತನ್ನ ಬಲದಲ್ಲಿ ಹೆಚ್ಚುಕಡಮೆ ಅರ್ಧವನ್ನು ಕಳೆದುಕೊಳ್ಳುತ್ತದೆ. ಸ್ಫಟಿಕ ಮಂದಿರದಲ್ಲಿ ಮರದ ನೆಲವೂ ಗಾಜಿನ ಸುತ್ತಲಿನ ಮರದ ಪಟ್ಟಿಗಳೂ ಉರಿದವು. ಕಾಯ್ದ ಕಬ್ಬಿಣ ಕುಸಿಯಿತು. ಗಾಜಿನ ಮನೆಯೊಳಗೆ ಬಟ್ಟೆ, ಬಿದಿರು, ವಿದ್ಯುತ್ ತಂತಿಗಳನ್ನು ತುಂಬಿ ಉತ್ಸವ ನಡೆಸುವವರೆಲ್ಲರೂ ಇದನ್ನು ಮರೆಯಬಾರದು.

ನಾಲ್ಕನೆಯ ಶತ್ರು ನಮ್ಮ ಕಣ್ಣಿಗೆ ಕಾಣದ ದೋಷ. 1905ರ ಡಿಸೆಂಬರ್ 5ರಂದು ಲಂಡನ್ನಿನ ಚಾರಿಂಗ್ ಕ್ರಾಸ್ ನಿಲ್ದಾಣದಲ್ಲಿ, 41 ವರ್ಷ ಹಳೆಯದಾಗಿದ್ದ ಕಬ್ಬಿಣ-ಗಾಜಿನ ಮಾಡಿನ ಮೇಲೆ ದುರಸ್ತಿಯೂ ಬಣ್ಣದ ಕೆಲಸವೂ ನಡೆಯುತ್ತಿದ್ದವು. ಮಧ್ಯಾಹ್ನ ಇದ್ದಕ್ಕಿದ್ದಂತೆ ದೊಡ್ಡ ಸದ್ದು ಕೇಳಿಸಿತು. ಕೆಲವು ನಿಮಿಷಗಳ ತರುವಾಯ ಸುಮಾರು 70 ಅಡಿಯಷ್ಟು ಮಾಡು ಕುಸಿಯಿತು. ಆರು ಮಂದಿ ಸತ್ತರು. ಸದ್ದು ಕೇಳಿದೊಡನೆ ಜನರನ್ನು ಹೊರಗೆ ಕಳುಹಿಸದಿದ್ದರೆ ಸಾವು ಇನ್ನೂ ಹೆಚ್ಚಾಗುತ್ತಿತ್ತು. ತನಿಖೆಯಲ್ಲಿ ತಿಳಿದುಬಂದದ್ದೇನೆಂದರೆ, ಎಳೆತವನ್ನು ಹೊರುವ ಮೆದು ಕಬ್ಬಿಣದ ಸರಳೊಂದರ ಬೆಸುಗೆಯಲ್ಲಿ ಮೊದಲಿನಿಂದಲೂ ದೋಷವಿತ್ತು. ನಾಲ್ಕು ದಶಕಗಳ ಕಾಲ ಅದು ಯಾರಿಗೂ ಕಾಣದೆ ಒಳಗೇ ಅಡಗಿತ್ತು. ಉಳಿದ ಮಾಡನ್ನು ಅನಂತರ ಇಳಿಸಿಬಿಟ್ಟರು.

ಎರಡು ಅತಿರೇಕಗಳು

ಚಾರಿಂಗ್ ಕ್ರಾಸಿನ ಕಥೆಯನ್ನು ಕೇಳಿದವರು ‘ಹಾಗಾದರೆ ಹಳೆಯ ಮಾಡುಗಳನ್ನೆಲ್ಲ ಕೆಡವಿ ಹೊಸದನ್ನು ಕಟ್ಟುವುದೇ ಲೇಸು’ ಎನ್ನಬಹುದು. ಈ ವಾದವನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ಜನರ ಪ್ರಾಣಕ್ಕಿಂತ ಕಟ್ಟಡ ದೊಡ್ಡದಲ್ಲ. ಆದರೆ ಆ ದುರಂತದಿಂದ ಕಲಿಯಬೇಕಾದ ಪಾಠ ಹಳೆಯದೆಲ್ಲ ಅಪಾಯ ಎಂಬುದಲ್ಲ. ಪರೀಕ್ಷಿಸದಿರುವುದು ಅಪಾಯ ಎಂಬುದು. 1905ರಲ್ಲಿ ಸರಳಿನ ಒಳಗನ್ನು ನೋಡುವ ಉಪಾಯವಿರಲಿಲ್ಲ. ಇಂದು ಶ್ರವಣಾತೀತ ಶಬ್ದತರಂಗಗಳಿಂದಲೂ ಕ್ಷ-ಕಿರಣಗಳಿಂದಲೂ ಲೋಹದ ಒಡಲನ್ನು ಪರೀಕ್ಷಿಸಬಹುದು. ಬೆಸುಗೆಯಲ್ಲಿ ದೋಷವಿದ್ದರೆ ಹೊಸ ಮಾಡೂ ಬೀಳುತ್ತದೆ. ದೋಷವಿಲ್ಲದ ಹಳೆಯ ಮಾಡು ಇನ್ನೊಂದು ಶತಮಾನ ನಿಲ್ಲುತ್ತದೆ.

ಇನ್ನೊಂದು ಅತಿರೇಕವೂ ಉಂಟು. ‘ಹಿರಿಯರು ಕಟ್ಟಿದ್ದರ ಒಂದು ಮೊಳೆಯನ್ನೂ ಮುಟ್ಟಬಾರದು’ ಎನ್ನುವವರು ಇದ್ದಾರೆ. ಅವರ ಭಕ್ತಿ ದೊಡ್ಡದು; ಆದರೆ ಹಿರಿಯರೇ ಹಾಗೆ ನಡೆದುಕೊಳ್ಳಲಿಲ್ಲ. ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದ ಕಮಾನುಗಳು 1852ರಲ್ಲಿ ಮರದ ಪದರಗಳಿಂದ ಮಾಡಿದವಾಗಿದ್ದವು. ಅವು ಕೆಟ್ಟಾಗ ಅದೇ ಆಕಾರದಲ್ಲಿ ಕಬ್ಬಿಣದ ಕಮಾನುಗಳನ್ನು ನಿಲ್ಲಿಸಿದರು. ಇಂದು ನೋಡುವವರು ಅದನ್ನೇ ಕಿಂಗ್ಸ್ ಕ್ರಾಸ್ ಎಂದು ಮೆಚ್ಚುತ್ತಾರೆ. ಕ್ಯಾಮೆರನ್ನನು ಬಂದ ಕ್ಯೂ ಉದ್ಯಾನದಲ್ಲಿಯೇ 1848ರಲ್ಲಿ ಮುಗಿದ ತಾಳೆಮನೆ ಇದೆ. 1984ರಿಂದ 1988ರವರೆಗೆ ಅದನ್ನು ದುರಸ್ತಿ ಮಾಡಿದಾಗ ಕಬ್ಬಿಣದ ದೊಡ್ಡ ಕಮಾನುಗಳನ್ನು ಉಳಿಸಿಕೊಂಡು, ಸುಮಾರು ಹದಿನಾರು ಸಾವಿರ ಗಾಜಿನ ಹಲಗೆಗಳನ್ನು ಹೊಸದಾಗಿ ಹಾಕಿ, ಗಾಜನ್ನು ಹಿಡಿಯುವ ಪಟ್ಟಿಗಳನ್ನು ತುಕ್ಕು ಹಿಡಿಯದ ಉಕ್ಕಿನಿಂದ ಮಾಡಿದರು. ಸೇಂಟ್ ಪ್ಯಾಂಕ್ರಾಸನ್ನು 1960ರ ದಶಕದಲ್ಲಿ ಕೆಡವುವ ಮಾತೇ ಎದ್ದಿತ್ತು. 1967ರಲ್ಲಿ ಅದಕ್ಕೆ ಕಾನೂನಿನ ರಕ್ಷಣೆ ದೊರೆಯಿತು. 2007ರಲ್ಲಿ ಅದು ಹೊಸ ಗಾಜು, ಹಳೆಯ ಆಕಾಶನೀಲಿ ಬಣ್ಣಗಳೊಡನೆ ಅಂತರರಾಷ್ಟ್ರೀಯ ನಿಲ್ದಾಣವಾಗಿ ಮತ್ತೆ ತೆರೆಯಿತು.

ಈ ನಿದರ್ಶನಗಳಿಂದ ಒಂದು ನಿಯಮ ಹೊರಡುತ್ತದೆ. ಮಾಡಿನ ಭಾರ ಹೊರುವ ಅಸ್ಥಿಪಂಜರವೇ ಅದರ ಇತಿಹಾಸ. ಅದನ್ನು ಸಾಧ್ಯವಾದಷ್ಟೂ ಉಳಿಸಬೇಕು. ಗಾಜು, ಪುಟ್ಟಿ, ಬಣ್ಣಗಳು ಅದರ ಚರ್ಮ. ಅವು ಆಗಾಗ ಬದಲಾಗತಕ್ಕವೇ. ಬದಲಿಸುವಾಗ ರೂಪ ಕೆಡಬಾರದು, ಬಲ ಕುಗ್ಗಬಾರದು.

ಗಾಜಿನ ಬದಲು ಏನು?

ಚರ್ಮವನ್ನು ಬದಲಿಸುವುದೂ ಸುಲಭವಲ್ಲ. ಹಿಂದಿನ ಸಾಮಾನ್ಯ ಗಾಜು ಒಡೆದರೆ ಕತ್ತಿಯಂಥ ಚೂರುಗಳಾಗಿ ಕೆಳಗೆ ಬೀಳುತ್ತದೆ. ಕಾಯಿಸಿ ಥಟ್ಟನೆ ತಣಿಸಿದ ಹದಗೊಳಿಸಿದ ಗಾಜು ಒಡೆದರೆ ಮೊಂಡಾದ ಸಣ್ಣ ಹರಳುಗಳಾಗುತ್ತದೆ. ಎರಡು ಗಾಜುಗಳ ನಡುವೆ ಅಂಟುಪೊರೆಯನ್ನಿಟ್ಟು ಒತ್ತಿದ ಪದರಗಾಜು ಒಡೆದರೂ ಚೂರುಗಳು ಪೊರೆಗೆ ಅಂಟಿಕೊಂಡೇ ಇರುತ್ತವೆ. ಜನ ಸೇರುವ ಕಡೆ ತಲೆಯ ಮೇಲೆ ಪದರಗಾಜೇ ಕ್ಷೇಮ.

ಆದರೆ ಕ್ಷೇಮಕ್ಕೂ ಒಂದು ತೂಕವಿದೆ. ಮೂರು ಮಿಲಿಮೀಟರು ದಪ್ಪದ ಗಾಜು ಚದರ ಮೀಟರಿಗೆ ಏಳೂವರೆ ಕಿಲೋಗ್ರಾಂ ತೂಗುತ್ತದೆ. ನಾಲ್ಕು ನಾಲ್ಕು ಮಿಲಿಮೀಟರಿನ ಎರಡು ಗಾಜುಗಳ ಪದರ 20 ಕಿಲೋಗ್ರಾಂ ತೂಗುತ್ತದೆ. ಸಾವಿರ ಚದರ ಮೀಟರಿನ ಮಾಡಿಗೆ ಹನ್ನೆರಡೂವರೆ ಟನ್ನು ಹೆಚ್ಚುವರಿ ಭಾರ! ಹಳೆಯ ಕಂಬಗಳೂ ಪಾಯವೂ ಇದನ್ನು ಹೊರಬಲ್ಲವೆ ಎಂಬುದನ್ನು ಲೆಕ್ಕ ಹಾಕದೆ ಹೊಸ ಗಾಜನ್ನೇರಿಸುವುದು ಮುದುಕನ ಹೆಗಲಿಗೆ ಮೂಟೆ ಹೊರಿಸಿದಂತೆ.

‘ಹಾಗಿದ್ದರೆ ಹಗುರವಾದ ಪಾರದರ್ಶಕ ಪ್ಲಾಸ್ಟಿಕ್ಕನ್ನೇ ಹಾಕೋಣ, ಅಗ್ಗವೂ ಆಯಿತು’ ಎಂಬ ಸಲಹೆ ಬರುವುದು ಸಹಜ. ಪಾಲಿಕಾರ್ಬೊನೇಟ್ ಹಾಳೆಯ ಸಾಂದ್ರತೆ ಗಾಜಿನ ಅರ್ಧದಷ್ಟೂ ಇಲ್ಲವೆಂಬುದು ನಿಜ. ಆದರೆ ಅದು ಗಾಜಿಗಿಂತ ಸುಮಾರು ಏಳು ಪಟ್ಟು ಹಿಗ್ಗುತ್ತದೆ. ಮೂವತ್ತು ಡಿಗ್ರಿ ಏರಿದಾಗ ಮೂರು ಮೀಟರಿನ ಹಾಳೆ ಸುಮಾರು ಆರು ಮಿಲಿಮೀಟರು ಉದ್ದವಾದರೆ, ಅದನ್ನು ಹಿಡಿದ ಕಬ್ಬಿಣ ಒಂದೇ ಮಿಲಿಮೀಟರು ಉದ್ದವಾಗುತ್ತದೆ. ಅದಕ್ಕೆ ಎಡೆಗೊಡದಿದ್ದರೆ ಹಾಳೆ ಸೆಟೆಯುತ್ತದೆ, ನೀರು ನುಗ್ಗುತ್ತದೆ. ಸುಲಭವಾಗಿ ಗೀರು ಬೀಳುತ್ತದೆ. ಬಿಸಿಲಿನ ಅತಿನೇರಳೆ ಕಿರಣಗಳಿಂದ ಕಾಲಕ್ರಮದಲ್ಲಿ ಹಳದಿಯಾಗುತ್ತದೆ. ಗಾಜು ನೂರು ವರ್ಷ ಕಳೆದರೂ ಗಾಜೇ. ಅಗ್ಗವೆಂದು ಕೊಂಡದ್ದು ಎರಡು ಮೂರು ಸಲ ಬದಲಿಸುವಷ್ಟರಲ್ಲಿ ದುಬಾರಿಯಾಗುತ್ತದೆ. ಕೋಳಿಯ ಕೊಟ್ಟಿಗೆಗೆ ಒಪ್ಪುವ ಹಾಳೆ ಚರಿತ್ರಾರ್ಹ ಮಾಡಿಗೆ ಒಪ್ಪದು.

ಲೋಹಗಳ ಹೊಂದಾಣಿಕೆಯನ್ನೂ ನೋಡಬೇಕು. ಬೇರೆ ಬೇರೆ ಲೋಹಗಳು ತೇವದಲ್ಲಿ ಒಂದನ್ನೊಂದು ಮುಟ್ಟಿದರೆ ವಿದ್ಯುತ್ಕೋಶವೇ ಏರ್ಪಡುತ್ತದೆ. ತುಕ್ಕು ಹಿಡಿಯದ ಉಕ್ಕಿನ ಪಟ್ಟಿ ಹಳೆಯ ಕಬ್ಬಿಣವನ್ನು ನೇರವಾಗಿ ಮುಟ್ಟಿದರೆ ತಾನು ಹೊಳೆಯುತ್ತಿದ್ದು ಪಕ್ಕದ ಕಬ್ಬಿಣವನ್ನು ತಿನ್ನಿಸುತ್ತದೆ. ನಡುವೆ ವಿದ್ಯುನ್ನಿರೋಧಕ ಪದರವಿರಲೇಬೇಕು.

ನಮ್ಮ ಅಭಿಮತ

ಲಾಲ್‌ಬಾಗಿನದಾಗಲಿ, ಬೇರೆ ಯಾವುದೇ ಹಳೆಯ ಕಬ್ಬಿಣ-ಗಾಜಿನ ಮಾಡಿನದಾಗಲಿ ದುರಸ್ತಿಗೆ ಮೂರು ಕಟ್ಟಲೆಗಳನ್ನು ನಾವು ಸೂಚಿಸುತ್ತೇವೆ.

ಒಂದನೆಯದು: ಮೊದಲು ಪರೀಕ್ಷೆ, ಆಮೇಲೆ ಟೆಂಡರು. ಪ್ರತಿಯೊಂದು ಕಂಬಕ್ಕೂ ತೊಲೆಗೂ ಸಂಖ್ಯೆ ಕೊಟ್ಟು, ಅದು ಎರಕವೋ ಮೆದು ಕಬ್ಬಿಣವೋ ಉಕ್ಕೋ, ಎಷ್ಟು ಸವೆದಿದೆ, ಎಲ್ಲಿ ಬಿರುಕಿದೆ ಎಂಬುದನ್ನು ದಾಖಲೆ ಮಾಡಬೇಕು. ಹಳೆಯ ಬಣ್ಣದ ಪದರಗಳಲ್ಲಿ ಸೀಸವಿರಬಹುದಾದ್ದರಿಂದ ಕೆರೆಯುವ ಕೆಲಸಗಾರರ ಆರೋಗ್ಯವನ್ನೂ ಆಗಲೇ ಯೋಚಿಸಬೇಕು.

ಎರಡನೆಯದು: ದಾಖಲೆ ಸಾರ್ವಜನಿಕವಾಗಿರಬೇಕು. ಯಾವ ಭಾಗ ಹಳೆಯದು, ಯಾವುದನ್ನು ಯಾವ ವರ್ಷ ಬದಲಿಸಲಾಯಿತು ಎಂಬುದನ್ನು ಕಟ್ಟಡದಲ್ಲಿಯೇ ಫಲಕದ ಮೂಲಕ ತಿಳಿಸಬೇಕು, ಕನ್ನಡದಲ್ಲಿ ತಿಳಿಸಬೇಕು. ಮುಚ್ಚಿಟ್ಟ ದುರಸ್ತಿ ಮುಂದಿನ ಎಂಜಿನಿಯರನನ್ನು ಮೋಸಗೊಳಿಸುತ್ತದೆ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು: ದುರಸ್ತಿಯ ಹಣದೊಡನೆಯೇ ವರ್ಷ ವರ್ಷದ ಪಾಲನೆಯ ಹಣವನ್ನೂ ಮೀಸಲಿಡಬೇಕು. ಮಳೆಗಾಲಕ್ಕೆ ಮುಂಚೆ ನೀರಿನ ದೋಣಿಗಳನ್ನು ಶುಚಿಮಾಡುವುದು, ಒಡೆದ ಹಲಗೆಯನ್ನು ಆಗಲೇ ಬದಲಿಸುವುದು, ಬಣ್ಣ ಎದ್ದ ಕಡೆ ತಡಮಾಡದೆ ಹಚ್ಚುವುದು: ಇವುಗಳಲ್ಲಿ ಉದ್ಘಾಟನಾ ಸಮಾರಂಭವಿಲ್ಲ, ಕಲ್ಲಿನ ಮೇಲೆ ಹೆಸರಿಲ್ಲ. ಆದರೆ ಮಾಡನ್ನು ಉಳಿಸುವುದು ಇವೇ.

‘ಶಾಲೆಗಳ ಹೆಂಚೇ ಸೋರುತ್ತಿರುವ ನಾಡಿನಲ್ಲಿ ಗಾಜಿನ ಮನೆಗೆ ಹಣವೇಕೆ?’ ಎಂದು ನಮ್ಮ ಓದುಗರಲ್ಲಿ ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ ಸರಿ. ಶಾಲೆಯ ಹೆಂಚು ಸೋರುವುದೂ ಗಾಜಿನ ಮಾಡು ತುಕ್ಕು ಹಿಡಿಯುವುದೂ ಒಂದೇ ರೋಗದ ಎರಡು ಲಕ್ಷಣಗಳು. ಕಟ್ಟುವುದಕ್ಕೆ ಇರುವ ಉತ್ಸಾಹ ಕಾಯುವುದಕ್ಕೆ ಇಲ್ಲದಿರುವುದೇ ಆ ರೋಗ. ಒಂದನ್ನು ಬಲಿಕೊಟ್ಟು ಇನ್ನೊಂದನ್ನು ಉಳಿಸಲಾಗದು. ಕಾಯುವ ಅಭ್ಯಾಸ ಬಂದರೆ ಎರಡೂ ಉಳಿಯುತ್ತವೆ. ಅದೂ ಅಲ್ಲದೆ ಎರಕದ ಕಬ್ಬಿಣವನ್ನು ಹೊಲಿಯುವ, ಹಳೆಯ ಬೆಸುಗೆಯನ್ನು ಪರೀಕ್ಷಿಸುವ ಕೈಗಳು ನಮ್ಮಲ್ಲಿ ಬಲು ವಿರಳ. ದುರಸ್ತಿಯ ಸ್ಥಳವನ್ನೇ ಪಾಲಿಟೆಕ್ನಿಕ್ ಮತ್ತು ಕಾಲೇಜುಗಳ ವಿದ್ಯಾರ್ಥಿಗಳಿಗೆ ಪ್ರಯೋಗಶಾಲೆಯಾಗಿ ತೆರೆದರೆ, ಖರ್ಚಾದ ಹಣದಲ್ಲಿ ಒಂದು ಪಾಲು ವಿದ್ಯೆಯಾಗಿ ಹಿಂದಿರುಗುತ್ತದೆ.

ಲಾಲ್‌ಬಾಗಿನ ಮಾದರಿಯನ್ನು ಮೆಚ್ಚಿ ಇತರ ನಗರಗಳೂ ಗಾಜಿನ ಮನೆಗಳನ್ನು ಕಟ್ಟಿಕೊಂಡಿವೆ. ನಮ್ಮ ತುಮಕೂರಿನಲ್ಲಿಯೂ ಆ ಹೆಸರಿನ ಸಭಾಂಗಣವುಂಟು, ದಾವಣಗೆರೆಯಲ್ಲಿಯೂ ಉಂಟು. ಇಂದಿನ ಹೊಸ ಮಾಡುಗಳು ನಾಳಿನ ಹಳೆಯ ಮಾಡುಗಳು. ಅವುಗಳ ಪಾಲನೆಯ ಲೆಕ್ಕವನ್ನು ಇಂದೇ ಬರೆಯತೊಡಗಿದರೆ ಮುಂದಿನವರು ನಮ್ಮನ್ನು ನೆನೆಯುವರು.

ವಿದ್ಯಾರ್ಥಿಮಿತ್ರರು ಇದಕ್ಕಾಗಿ ಬೆಂಗಳೂರಿಗೇ ಹೋಗಬೇಕಾದುದಿಲ್ಲ. ಕೋರದ ಮನೆಯೊಂದರ ತಗಡಿನ ಸೂರನ್ನೋ, ಶಾಲೆಯ ಕಿಟಕಿಯ ಸರಳನ್ನೋ ಮಳೆಗಾಲ ಕಳೆದ ಮೇಲೆ ಒಮ್ಮೆ ಪರೀಕ್ಷಿಸಿರಿ. ತುಕ್ಕು ಮೊದಲು ಎಲ್ಲಿ ಹುಟ್ಟುತ್ತದೆ? ನೀರು ನಿಲ್ಲುವ ಕಡೆ, ಮೊಳೆ ಹೊಡೆದ ಕಡೆ, ಎರಡು ಲೋಹಗಳು ಕೂಡಿದ ಕಡೆ. ಲಾಲ್‌ಬಾಗಿನ ಮಾಡಿನಲ್ಲಿಯೂ ಸೇಂಟ್ ಪ್ಯಾಂಕ್ರಾಸಿನ ಕಮಾನಿನಲ್ಲಿಯೂ ಅದು ಹುಟ್ಟುವುದು ಅಂಥ ಕಡೆಯಲ್ಲಿಯೇ. ಮುಂದಿನ ಸಲ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ ಹೂವನ್ನು ನೋಡಿ ಸಂತೋಷಪಡಿರಿ. ಅನಂತರ ಒಂದು ಗಳಿಗೆ ಬದಿಗೆ ನಿಂತು, ತಲೆಯೆತ್ತಿ, ಆ ಕಬ್ಬಿಣವನ್ನೂ ನೋಡಿರಿ. ಅದನ್ನು ನೋಡಬಲ್ಲ ಕಣ್ಣುಗಳು ಹೆಚ್ಚಿದಷ್ಟೂ ಅದರ ಆಯುಷ್ಯವೂ ಹೆಚ್ಚುತ್ತದೆ.